ಹ್ಯಾಂಡಲ್ ಬದಲಿಸುವ ಮುನ್ನ ಹಿಂದೆ ಕೂರುವವರನ್ನು ಕೇಳಿ

ನನ್ನ ಮೊಮ್ಮಗಳು ಚೈತ್ರಾ ಮೊನ್ನೆ ಸಾಯಂಕಾಲ ಕೆಲಸದಿಂದ ಬಂದವಳೇ ಎರಡೂ ಕೈ ನನ್ನ ಮುಖದ ಮುಂದೆ ಹಿಡಿದಳು. ಉಗುರಿನ ಸಂದಿಯಲ್ಲೆಲ್ಲ ಕರೀ ಗ್ರೀಸು. "ತಾತ, ಇವತ್ತು ಒಂದು ಬೈಕ್ ಹ್ಯಾಂಡಲ್ ಪೂರ್ತಿ ನಾನೇ ಬಿಚ್ಚಿ ಬೇರೇದು ಹಾಕ್ದೆ. ಯಾರೂ ಸಹಾಯಕ್ಕೆ ಬರ್ಲಿಲ್ಲ!" ಅಂದಳು. ನನ್ನ ಸೊಸೆ ಅಡುಗೆಮನೆಯಿಂದ, "ಮೊದ್ಲು ಸೋಪ್ ಹಾಕಿ ತೊಳ್ಕೊಳ್ಳೇ, ಗೋಡೆಗೆಲ್ಲ ಹತ್ತುತ್ತೆ" ಅಂತ ಕೂಗಿದಳು. ನಾನು, "ತೊಳೀಬೇಡ ಇರು ಪುಟ್ಟಿ, ಇನ್ನೊಂದು ಸಲ ನೋಡ್ತೀನಿ" ಅಂದೆ. ಏನು ಹೇಳಲಿ ಸ್ವಾಮಿ! ಮನೆಗೆ ಲಾಟರಿ ಹೊಡೆದ ಹಾಗಾಯ್ತು. ನನ್ನ ಇಬ್ಬರು ಗಂಡುಮಕ್ಕಳೂ ನಾನು ಮಾಡುತ್ತಿದ್ದ ಈ ಗಾಡಿ ಕೆಲಸದ ಹತ್ತಿರ ಸುಳಿಯಲಿಲ್ಲ. ಬೇಜಾರಿಲ್ಲ, ಅವರವರ ದಾರಿ ಅವರದು. ಈಗ ಈ ಹುಡುಗಿ ಡಿಪ್ಲೊಮಾ ಮುಗಿಸಿ ಜೆ.ಪಿ. ನಗರದ ಒಂದು ಬೈಕ್ ಫಿಟ್ಟಿಂಗ್ ಅಂಗಡಿಗೆ ಸೇರಿದ್ದಾಳೆ. ಅವತ್ತಿನಿಂದ ನಾನು ಹಾಲಿನವನಿಗೂ ಹೇಳಿದ್ದೀನಿ, ಪಾರ್ಕಿಗೆ ವಾಕಿಂಗ್ ಬರೋರಿಗೂ ಹೇಳಿದ್ದೀನಿ. ಕೆಲವರಿಗೆ ಎರಡೆರಡು ಸಲ ಹೇಳಿದ್ದೀನಿ ಅಂತ ಆಮೇಲೆ ಗೊತ್ತಾಯ್ತು. ಪರವಾಗಿಲ್ಲ, ಒಳ್ಳೆ ಸುದ್ದಿ ತಾನೇ.

ಅವಳ ಜೊತೆ ಇನ್ನೂ ಕೆಲವು ಮಕ್ಕಳು ಹೊಸದಾಗಿ ಸೇರಿದ್ದಾರಂತೆ. "ತಾತ, ನಿಮ್ಮ ಕಾಲದ್ದು ಬರೆದುಕೊಡಿ, ಊಟದ ಹೊತ್ತಲ್ಲಿ ಎಲ್ಲರಿಗೂ ಓದ್ತೀನಿ" ಅಂದಳು. ಬರೆದು ನನಗೆ ಅಭ್ಯಾಸ ಇಲ್ಲ. ಓದಿದ್ದು ಐದನೇ ಕ್ಲಾಸು, ಅದರಲ್ಲೂ ಅರ್ಧ ದಿನ ಕ್ಲಾಸಿನ ಹೊರಗೆ ನಿಂತಿದ್ದೇ. ಆದರೆ ಸಂತೋಷ ಹೊಟ್ಟೇಲಿ ಹಿಡಿಸ್ತಿಲ್ಲ, ಎಲ್ಲಾದರೂ ಚೆಲ್ಲಲೇಬೇಕು. ಅದಕ್ಕೆ ಕೂತಿದ್ದೀನಿ. ನಾನು ಯಾವಾಗ ದೊಡ್ಡ ಫಿಟ್ಟರ್ ಆದೆ, ಯಾವಾಗ ಸ್ವಂತ ಬೋರ್ಡು ಹಾಕಿದೆ ಅನ್ನೋದೆಲ್ಲ ಬರೆಯಲ್ಲ. ಅದರಿಂದ ನಿಮಗೆ ಒಂದು ನಟ್ಟೂ ಸಡಿಲ ಆಗಲ್ಲ, ಒಂದು ಬೋಲ್ಟೂ ಬಿಗಿಯಾಗಲ್ಲ.

ತೊಂಬತ್ತರ ದಶಕದಲ್ಲಿ ನಾನಿದ್ದಿದ್ದು ಬನಶಂಕರಿ ಎರಡನೇ ಹಂತದಲ್ಲಿ, ಖಾದರ್ ಭಾಯಿ ಅವರ ಅಂಗಡೀಲಿ. ಅಂಗಡಿ ಅಂದರೆ ಒಂದು ಶಟರು, ಮುಂದೆ ಒಂದು ಹೊಂಗೆಮರ. ಕೆಲಸ ನಡೀತಿದ್ದಿದ್ದೆಲ್ಲ ಮರದ ಕೆಳಗೇ. ಒಳಗಿನ ಗೋಡೆ ತುಂಬ ಮೊಳೆ ಹೊಡೆದು ಹ್ಯಾಂಡಲ್ ನೇತುಹಾಕಿದ್ದೆವು. ಕೊಂಬಿನ ಹಾಗೆ ಮೇಲಕ್ಕೆ ಎದ್ದವು, ಕಡ್ಡಿಯ ಹಾಗೆ ನೆಟ್ಟಗಿರೋವು, ಟ್ಯಾಂಕಿನ ಮೇಲೆ ಬಗ್ಗಿಕೊಂಡು ಹೋಗೋ ಥರ ತಗ್ಗಿನವು, ಸವಾರನ ಕಡೆಗೆ ಬಾಗಿ ಬರೋವು. ಬಿಸಿಲು ಬಿದ್ದಾಗ ಗೋಡೆ ಪೂರ್ತಿ ಥಳಥಳ ಅನ್ನೋದು. ಜಯನಗರದ ಕಾಲೇಜು ಹುಡುಗರು ಬಂದರೆ ಬಾಯಿ ತೆರೆದುಕೊಂಡು ಆ ಗೋಡೆ ನೋಡುತ್ತಾ ನಿಲ್ಲೋರು.

ಕಂಪನಿ ಕೊಟ್ಟ ಹ್ಯಾಂಡಲ್ ಕೈಗೆ ಹೊಂದುತ್ತಿಲ್ಲ ಅಂತ ಬರೋರು ಕಮ್ಮಿ. ಪಕ್ಕದ ರೋಡಿನವನ ಗಾಡಿ ಥರ ಇರಬಾರದು ಅಂತ ಬರೋರೇ ಜಾಸ್ತಿ.

"ಅಣ್ಣ, ಸಖತ್ತಾಗಿ ಕಾಣ್ಬೇಕು."

"ಮೊದ್ಲು ಕೂತು ನೋಡಪ್ಪ, ಕೈಗೆ ಸರಿಹೋಗುತ್ತಾ ಅಂತ."

"ಕೂರೋದು ಆಮೇಲೆ ಅಣ್ಣ. ಕಾಲೇಜ್ ಗೇಟ್ ಹತ್ರ ನಿಲ್ಸಿದ್ರೆ ಹೆಂಗ್ ಕಾಣುತ್ತೆ, ಅದು ಹೇಳಿ."

ಹೀಗಿತ್ತು ವ್ಯಾಪಾರ. ನಾವೂ ಗೋಡೆ ನೋಡಿ ತೆಗೆದುಕೊಡುತ್ತಿದ್ದೆವು, ಅವರೂ ಗೋಡೆ ನೋಡಿ ತಗೊಂಡು ಹೋಗುತ್ತಿದ್ದರು.

ಕಲಿತಿದ್ದು ಮಾತ್ರ ಎಡವಟ್ಟುಗಳಿಂದ. ಪದ್ಮನಾಭನಗರದಲ್ಲಿ ಟ್ಯೂಷನ್ ಹೇಳಿಕೊಡುವ ಒಬ್ಬ ಮೇಷ್ಟ್ರು ಇದ್ದರು. ಅವರ ಗಾಡಿಗೆ ಎತ್ತರದ ಹ್ಯಾಂಡಲ್ ಹಾಕಿಕೊಟ್ಟೆ. ನೆಟ್ಟಗೆ ಓಡಿಸಿ ನೋಡಿದೆ, ಚೆನ್ನಾಗಿತ್ತು. ಆಕ್ಸಿಲೇಟರ್ ಕೇಬಲ್ ಮಾತ್ರ ಹಳೇದನ್ನೇ ಬಿಟ್ಟಿದ್ದೆ. ಹ್ಯಾಂಡಲ್ ಎತ್ತರ ಆದರೆ ಕೇಬಲ್ ಉದ್ದ ಸಾಲಲ್ಲ, ತಿರುಗಿಸಿದಾಗ ತಾನಾಗಿ ಎಳೆದುಕೊಳ್ಳುತ್ತೆ ಅಂತ ಆಗ ಹೊಳೀಲಿಲ್ಲ. ಮೇಷ್ಟ್ರು ಟ್ಯೂಷನ್ ಗೇಟಿನ ಮುಂದೆ ಹ್ಯಾಂಡಲ್ ತಿರುಗಿಸಿದ್ದೇ ತಡ, ಇಂಜಿನ್ ಅದರ ಪಾಡಿಗೆ ಅದು ಭರ್ರ್ ಅಂತ ಕೂಗಿಕೊಳ್ತಂತೆ. ಮಕ್ಕಳೆಲ್ಲ ಕಾಂಪೌಂಡ್ ಮೇಲೆ ನಿಂತು ಚಪ್ಪಾಳೆ ತಟ್ಟಿದವಂತೆ. ಪುಣ್ಯಕ್ಕೆ ಗೇರಿನಲ್ಲಿ ಇರಲಿಲ್ಲ. ಮೇಷ್ಟ್ರು ಬಂದು, "ನಾಗರಾಜು, ಬಲಕ್ಕೆ ತಿರುಗಿಸಿದ್ರೆ ನಿನ್ನ ಗಾಡಿ ನನ್ನನ್ನ ಬೈಯುತ್ತಲ್ಲಯ್ಯ" ಅಂದರು. ಅವತ್ತಿನಿಂದ ಹ್ಯಾಂಡಲನ್ನು ಎಡಕ್ಕೊಂದು ಸಲ, ಬಲಕ್ಕೊಂದು ಸಲ ಕೊನೆ ಮುಟ್ಟೋ ತನಕ ತಿರುಗಿಸಿ, ಇಂಜಿನ್ ದನಿ ಬದಲಾಗಲ್ಲ ಅಂತ ಕೇಳಿಸಿಕೊಳ್ಳದೆ ಗಾಡಿ ಕೊಟ್ಟಿಲ್ಲ. ನೀವೂ ಕೊಡಬೇಡಿ ಮಕ್ಕಳೇ.

ಗಿರಿನಗರದ ಹುಡುಗನ ಕತೆ ಇನ್ನೊಂದು. ಅವನಿಗೆ ಅಗಲವಾದ ಕಡ್ಡಿ ಹ್ಯಾಂಡಲ್ ಬೇಕಿತ್ತು, ಹಾಕಿದೆ. ಬೆಳಿಗ್ಗೆ ಶಿಳ್ಳೆ ಹೊಡೆದುಕೊಂಡು ಹೋದವನು ಸಾಯಂಕಾಲ ಮುಖ ಕೆಂಪಗೆ ಮಾಡಿಕೊಂಡು ಬಂದ. ಅವನಿದ್ದಿದ್ದು ಬಾಡಿಗೆ ಮನೆ, ಹಿಂದಿನ ಪೋರ್ಷನ್ನು. ಗಾಡಿ ಒಳಗೆ ಹೋಗಬೇಕಾದರೆ ಮನೆ ಗೋಡೆಗೂ ಕಾಂಪೌಂಡಿಗೂ ಮಧ್ಯದ ಸಂದೀಲಿ ತಳ್ಳಿಕೊಂಡು ಹೋಗಬೇಕು. ಹೊಸ ಹ್ಯಾಂಡಲ್ ಆ ಸಂದೀಲಿ ಹಿಡಿಸಲ್ಲ.

"ಗೇಟ್ ಮುಂದೆ ನಿಲ್ಸಪ್ಪ" ಅಂದೆ.

"ನಿಲ್ಸೋ ಹಂಗಿಲ್ಲ ಅಣ್ಣ. ಅದು ಓನರ್ ಆಂಟಿ ರಂಗೋಲಿ ಹಾಕೋ ಜಾಗ. ಚಕ್ರ ಇಟ್ರೆ ಮನೆ ಖಾಲಿ ಮಾಡಿಸ್ತಾರೆ."

ಖಾದರ್ ಭಾಯಿ ನಕ್ಕೂ ನಕ್ಕೂ ಕೆಮ್ಮಿಬಿಟ್ಟರು. ಆಮೇಲೆ ಗರಗಸ ತಂದು ಎರಡೂ ತುದಿ ಸ್ವಲ್ಪ ಸ್ವಲ್ಪ ಕೊಯ್ದು ಕೊಟ್ಟೆವು. ಅಲ್ಲಿಂದ ಮುಂದೆ ಯಾರೇ ಬರಲಿ, ಭಾಯಿ ಕೇಳೋ ಮೊದಲ ಪ್ರಶ್ನೆ, "ಗಾಡಿ ರಾತ್ರಿ ಎಲ್ಲಿ ಮಲಗುತ್ತೆ?"

ಖಾದರ್ ಭಾಯಿ ಎಂಥ ಯಜಮಾನರು ಅಂದರೆ, ಕೂಗಾಡೋರಲ್ಲ, ಹೊಗಳೋರೂ ಅಲ್ಲ. ಸೊಂಟಕ್ಕೆ ಒಂದು ಹಳೇ ಟವಲು, ಬಾಯಲ್ಲಿ ಒಂದು ಲವಂಗ. ಕೆಲಸ ಮುಗಿದ ಮೇಲೆ ಹ್ಯಾಂಡಲ್ ಮೇಲೆ ತಮ್ಮ ಪೂರ್ತಿ ಭಾರ ಬಿಟ್ಟು ಜಗ್ಗಿ ನೋಡೋರು. ಭಾಯಿ ಸಣ್ಣ ಆಳಲ್ಲ. ಅವರು ಜಗ್ಗಿದರೂ ಅಲುಗಾಡದಿದ್ದರೆ ಆಯ್ತು, ಗಾಡಿ ಪಾಸು. ಒಂದು ವಿಷಯದಲ್ಲಿ ಮಾತ್ರ ಅವರು ಕಲ್ಲು. ಪೈಪನ್ನು ಬೆಂಕಿಗೆ ಹಿಡಿದು ಬೇಕಾದ ಹಾಗೆ ಬಗ್ಗಿಸೋದು ಅವರ ಅಂಗಡೀಲಿ ನಡೆಯೋ ಹಾಗಿಲ್ಲ. ಬಿಸಿ ಮಾಡಿ ಬಗ್ಗಿಸಿದ ಪೈಪಿಗೆ ಬಲ ಹೋಗಿರುತ್ತೆ, ಹಳ್ಳಕ್ಕೆ ಬಿದ್ದಾಗ ಮುರೀಬಹುದು. "ಅರೆ ನಾಗ, ಬ್ರೇಕ್ ಹೋದ್ರೆ ಕಾಲಾದ್ರೂ ಊರಬಹುದು. ಹ್ಯಾಂಡಲ್ ಕೈಗೆ ಬಂದ್ರೆ ಏನ್ ಮಾಡ್ತಾನೆ ಅವ್ನು, ದೇವ್ರಿಗೆ ಸಲಾಂ ಹೊಡೀತಾನಾ?" ಅನ್ನೋರು.

ಗ್ರಿಪ್ಪು ಹಾಕೋದನ್ನೂ ಹೇಳಿಬಿಡ್ತೀನಿ. ಮೊದಮೊದಲು ಸೋಪಿನ ನೀರು ಹಚ್ಚಿ ರಬ್ಬರ್ ಗ್ರಿಪ್ ಏರಿಸುತ್ತಿದ್ದೆವು. ಬೆಣ್ಣೆ ಥರ ಒಳಗೆ ಹೋಗೋದು. ಮಳೆ ಬಂದರೆ ಆ ಸೋಪು ಮತ್ತೆ ನೊರೆ ಎದ್ದು ಗ್ರಿಪ್ಪು ಕೈಯಲ್ಲಿ ಗಿರಗಿರ ತಿರುಗೋದು! ಆಮೇಲೆ ಸ್ಪಿರಿಟ್ ಹಚ್ಚೋಕೆ ಶುರು ಮಾಡಿದೆವು, ಅದು ಆರಿಹೋಗುತ್ತೆ, ರಬ್ಬರ್ ಕಚ್ಚಿಕೊಳ್ಳುತ್ತೆ. ಈಗ ಗಾಳಿ ಪೈಪು ಇಟ್ಟು ಬುಸ್ ಅಂತ ಏರಿಸ್ತಾರಂತೆ, ಚೈತ್ರಾ ಹೇಳಿದಳು. ಎಷ್ಟು ಚೆಂದ! ಅದನ್ನ ನೋಡೋಕೆ ಅಂತಲೇ ಒಂದು ದಿನ ಅವಳ ಅಂಗಡಿಗೆ ಹೋಗ್ತೀನಿ. ಮತ್ತೆ ಈಗ ಗಾಡಿ ಭಾಗ ಬದಲಿಸೋದಕ್ಕೆ ಕಾನೂನು ಬಿಗಿಯಾಗಿದೆ, ಯಾವುದು ಹಾಕಬಹುದು ಯಾವುದು ಹಾಕಬಾರದು ಅಂತ ತಿಳಕೊಂಡೇ ಕೈ ಹಾಕಿ.

ಸರಿ, ಈಗ ಬಸವರಾಜನ ವಿಷಯ. ಇದನ್ನ ಹೇಳಬೇಕು ಅಂತಲೇ ಇಷ್ಟೊತ್ತು ಸುತ್ತುತ್ತಿದ್ದೆ.

ಎರಡು ಸಾವಿರ ಇಸವಿ ದಾಟಿ ಸ್ವಲ್ಪ ಕಾಲ ಆಗಿತ್ತು, ನಾನು ಇನ್ನೂ ಭಾಯಿ ಅಂಗಡೀಲೇ ಇದ್ದೆ. ಒಂದು ಸೋಮವಾರ ಬೆಳಿಗ್ಗೆ ಒಬ್ಬ ಉದ್ದನೆ ಆಳು ಸಣ್ಣ ನೂರು ಸಿ.ಸಿ. ಗಾಡೀಲಿ ಬಂದು ಮರದ ಕೆಳಗೆ ನಿಲ್ಲಿಸಿದ. ನಿಲ್ಲಿಸಿದವನು ಇಳೀಲಿಲ್ಲ. ಏನೋ ಯೋಚನೆ ಮಾಡ್ತಿದ್ದಾನೆ ಅಂದುಕೊಂಡೆ. ಆಮೇಲೆ ನೋಡಿದರೆ ಹಲ್ಲು ಕಚ್ಚಿಕೊಂಡಿದ್ದಾನೆ.

"ಅಣ್ಣಾರ, ಸ್ವಲ್ಪ ಗಾಡಿ ಹಿಡೀರಿ. ಬೆನ್ನು ಹಿಡದೈತಿ, ಇಳ್ಯಾಕ ಬರವಲ್ದು" ಅಂದ.

ನಾನು ಗಾಡಿ ಹಿಡಿದೆ, ಭಾಯಿ ಅವನ ಕಂಕುಳಿಗೆ ಕೈ ಕೊಟ್ಟು ಇಳಿಸಿದರು. ಇಳಿದ ಮೇಲೂ ಗಾಡಿ ಮೇಲೆ ಕೂತ ಆಕಾರದಲ್ಲೇ ನಿಂತಿದ್ದ, ಬಗ್ಗಿಕೊಂಡು. ಸ್ಟೂಲ್ ಹಾಕಿ ಕೂರಿಸಿ ಟೀ ತರಿಸಿದೆವು. ಹೆಸರು ಬಸವರಾಜ, ಗದಗದ ಕಡೆಯವನು. ಬಿ.ಟಿ.ಎಂ.ನಲ್ಲಿ ಒಂದು ರೂಮಿನ ಮನೆ ಮಾಡಿಕೊಂಡಿದ್ದಾನೆ, ಹೆಂಡತಿ ಬಂದು ಇನ್ನೂ ವರ್ಷ ಆಗಿಲ್ಲ. ಕೆಲಸ ಕೊರಿಯರ್ ಆಫೀಸಿನಲ್ಲಿ, ದಿನಪೂರ್ತಿ ಗಾಡಿ ಮೇಲೆ. ಅಷ್ಟು ಉದ್ದದ ಮನುಷ್ಯ ಅಷ್ಟು ಗಿಡ್ಡ ಗಾಡಿ ಮೇಲೆ ಬೆನ್ನು ಬಿಲ್ಲು ಮಾಡಿಕೊಂಡು ಓಡಾಡಿ ಓಡಾಡಿ ಈಗ ಬೆನ್ನೇ ಮುಷ್ಕರ ಹೂಡಿತ್ತು.

"ಡಾಕ್ಟರ್, ಹಿಂಗ ಬಗ್ಗಿ ಗಾಡಿ ಹೊಡಿಬ್ಯಾಡ ಅಂದಾರ್ರಿ. ಆಫೀಸಿನ್ಯಾಗ ಒಂದ್ ವಾರ ಸೂಟಿ ಕೊಟ್ಟಾರ. ಮುಂದಿನ ಸೋಮವಾರ ಗಾಡಿ ಹತ್ತಿದ್ರ ನೌಕರಿ, ಇಲ್ಲಂದ್ರ ಬ್ಯಾರೆ ಹುಡುಗನ್ನ ತಗೋತೀವಿ ಅಂದಾರ. ನೌಕರಿ ಹೋದ್ರ ಮನಿ ಖಾಲಿ ಮಾಡಿ ಊರ ಹಾದಿ ಹಿಡಿಯೂದ ನೋಡ್ರಿ."

"ನಾವು ಡಾಕ್ಟರಲ್ಲ ಬಸವರಾಜ್ ಅವರೇ" ಅಂದೆ. "ನೆಟ್ಟಗೆ ಕೂರೋ ಹಾಗೆ ಹ್ಯಾಂಡಲ್ ಹಾಕಿದ್ರೆ ಓಡಿಸಬಹುದಾ ಅಂತ ಅವರನ್ನೇ ಕೇಳಿದ್ರಾ?"

"ಕೇಳೇನ್ರಿ. ಬೆನ್ನು ನೆಟ್ಟಗಿತ್ತಂದ್ರ, ನೋವು ಬರಲಿಲ್ಲಂದ್ರ ಹೊಡಿ, ನೋವು ಬಂತಂದ್ರ ಅಲ್ಲೇ ಇಳದ್ಬಿಡು ಅಂದ್ರು."

ಭಾಯಿ ಗೋಡೆ ನೋಡಿದರು, ನಾನೂ ನೋಡಿದೆ. ಬಗ್ಗಬಾರದು ಅಂದರೆ ಎತ್ತರ ಬೇಕು, ಅಷ್ಟೇ ತಾನೇ? ಇದ್ದುದರಲ್ಲಿ ಎಲ್ಲಕ್ಕಿಂತ ಎತ್ತರದ್ದು ಇಳಿಸಿದೆ. ಕೇಬಲ್‌ಗಳೆಲ್ಲ ಉದ್ದದವು ಹಾಕಿದೆ, ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದೆ, ಭಾಯಿ ಜಗ್ಗಿದರು. ಬಸವರಾಜ ಕೈ ಮುಗಿದು ಹೋದ.

ಬುಧವಾರ ಮತ್ತೆ ಬಂದ. ಬೆನ್ನು ವಾಸಿ, ಆದರೆ ಕೈ ಜೋಮು ಹಿಡಿದಿದೆ. "ಸಿಟಿ ಬಸ್ಸಿನ್ಯಾಗ ಮ್ಯಾಲಿನ ಕಂಬಿ ಹಿಡಕೊಂಡು ನಿಂತಂಗ ಆಗತೈತ್ರಿ ಅಣ್ಣಾರ. ಸಿಗ್ನಲ್ ಬಂದ್ರ ಕೈ ಇಳಿಸಿ ಝಾಡಿಸಬೇಕು." ಸರಿ, ಭಾಯಿ ಹೇಳಿದ ಹಾಗೆ ಅದನ್ನ ಬಿಚ್ಚಿ ಸವಾರನ ಕಡೆಗೆ ಬಾಗಿ ಬರೋದನ್ನ ಹಾಕಿದೆ. ಅದರಲ್ಲಿ ಸ್ವಲ್ಪ ಹಿಂದಕ್ಕೆ ಸರಿದು, ಆರಾಮ ಕುರ್ಚೀಲಿ ಕೂತ ಹಾಗೆ ಕೂರಬಹುದು. ಒಂದು ಸುತ್ತು ಹೋಗಿ ಬಂದವನ ಮುಖ ಅರಳಿತ್ತು. "ಇದು ಛಲೋ ಐತ್ರಿ! ಪಲ್ಲಂಗದ ಮ್ಯಾಲೆ ಕುಂತಂಗ ಆತು." ನಾನು ಮೀಸೆ ತಿರುಗಿಸಿಕೊಂಡೆ. ಭಾಯಿಗೂ ಒಳಗೊಳಗೇ ಖುಷಿ, ಇನ್ನೊಂದು ಲವಂಗ ಬಾಯಿಗೆ ಹಾಕಿಕೊಂಡರು.

ಶುಕ್ರವಾರ ಬೆಳಿಗ್ಗೆ ಅವನಿಗಿಂತ ಮುಂಚೆ ಅವನ ಹೆಂಡತಿ ಬಂದಳು. ಶಾಂತಾ ಅಂತ. ಬಸ್ಸಿನಲ್ಲಿ ಬಂದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ಮರದ ಕೆಳಗೆ ನಿಂತಳು.

"ಹ್ಯಾಂಡಲ್ ಹಾಕಿದವರು ಯಾರ್ರಿ?"

ಖಾದರ್ ಭಾಯಿ ಬೆರಳು ಮಾಡಿ ನನ್ನನ್ನು ತೋರಿಸಿದರು. ಅವರೇ ಹೇಳಿ ಹಾಕಿಸಿದ್ದು, ಆದರೂ ತೋರಿಸಿದರು.

"ಅಣ್ಣಾರ, ನಾ ಎಲ್ಲಿ ಕುಂದರಬೇಕ್ರಿ?"

ನನಗೆ ಅರ್ಥ ಆಗಲಿಲ್ಲ.

"ನೀವು ನಮ್ಮ ಮನಿಯವರನ್ನ ಹಿಂದಕ್ಕ ಸರಿಸಿ ಕುಂದರಿಸೀರಿ. ಸೀಟಿನ್ಯಾಗ ಜಾಗ ಎಲ್ಲೈತಿ? ನಿನ್ನಿ ಸಂಜೀಕ ದವಾಖಾನಿಗೆ ಹೊಂಟಿದ್ವಿ, ಹಿಂದ ಕಂಬಿ ಮ್ಯಾಲೆ ಕುಂತಿದ್ದೆ. ರೋಡ್ ಹಂಪ್ ಬಂತು, ನಾ ಬೀಳೂದೊಂದು ಬಾಕಿ! ಚೀರಿದೆ. ಅವರು ಗಾಬರ್ಯಾಗಿ ಮುಂದಕ್ಕ ಸರದ್ರು. ಮುಂದ ಸರದ್ರ ಹ್ಯಾಂಡಲ್ ಹೊಟ್ಟಿಗೆ ಹತ್ತತೈತಿ, ತಿರುಗಿಸಿದ್ರ ಮೊಣಕಾಲಿಗೆ ಬಡೀತೈತಿ. ಸೊಟ್ಟ ಕುಂತು ಕುಂತು ಮತ್ತ ಬೆನ್ನು ಹಿಡೀತು ನೋಡ್ರಿ. ಇವತ್ತು ಹಾಸಿಗಿ ಬಿಟ್ಟು ಏಳಾಕ ತಾಸು ಹಿಡೀತು."

ಅಷ್ಟರಲ್ಲಿ ಬಸವರಾಜ ನಿಧಾನಕ್ಕೆ ಗಾಡಿ ಓಡಿಸಿಕೊಂಡು ಬಂದ. ಮೊದಲ ದಿನದ ಹಾಗೇ ಇಳಿಸಬೇಕಾಯ್ತು. ನನ್ನ ಮೀಸೆ ಎಲ್ಲಿತ್ತೋ ಅಲ್ಲಿಗೇ ಬಂತು.

ನಾನು ಮತ್ತೆ ಗೋಡೆ ಕಡೆ ತಿರುಗಿದೆ. ಮೂರನೇದು ಯಾವುದು ಇಳಿಸೋದು ಅಂತ ನೋಡುತ್ತಿದ್ದೆ. ಶಾಂತಾ ಹಿಂದಿನಿಂದ ಅಂದಳು:

"ನಾ ಮನ್ಯಾಗ ಜಂಪರ್ ಹೊಲಿಯಾಕಿ ರಿ. ಗಿರಾಕಿ ಬಂದ್ರ ಮೈಮ್ಯಾಲೆ ಅಳತಿ ತಗೋತೀನಿ. ಗೋಡಿಗೆ ತೂಗಹಾಕಿದ್ದನ್ನ ನೋಡಿ, ಇದು ನಿಮಗ ಆಗತೈತಿ ಅಂತ ಕೊಡಂಗಿಲ್ಲ. ನೀವು ಯಾರ ಅಳತಿ ತಗೊಂಡೀರಿ, ಹೇಳ್ರಿ?"

ಭಾಯಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಇಷ್ಟು ವರ್ಷ ಸಾವಿರಾರು ಗಾಡಿ ನೋಡಿದ್ದೆವು. ಗಾಡಿ ಅಳತೆ ಗೊತ್ತು, ಪೈಪಿನ ಅಳತೆ ಗೊತ್ತು. ಮನುಷ್ಯನ ಅಳತೆ ಯಾವತ್ತೂ ತಗೊಂಡಿರಲಿಲ್ಲ.

"ಹಂಗಾದ್ರೆ ತಗೊಳೋಣ" ಅಂದೆ. "ಬಸವರಾಜ್ ಅವರೇ, ಹ್ಯಾಂಡಲ್ ಬಿಚ್ಚಿಬಿಡ್ತೀನಿ. ಬರೀ ಗಾಡಿ ಮೇಲೆ ಕೂತ್ಕೊಳ್ಳಿ."

"ಅವರೊಬ್ಬರ ಎಲ್ಲಿ ಹೋಗ್ತಾರ್ರಿ?" ಅಂದಳು ಶಾಂತಾ. "ಬೆನ್ನಿಗೆ ಪಾರ್ಸಲ್ ಚೀಲ ಇರತೈತಿ. ಸಂಜೀಕ ನಾ ಇರತೀನಿ."

"ಹತ್ತಮ್ಮ ನೀನೂ" ಅಂದರು ಭಾಯಿ.

ಆಮೇಲೆ ನಡೆದದ್ದು ನೆನೆಸಿಕೊಂಡರೆ ಈಗಲೂ ಒಬ್ಬನೇ ನಗ್ತೀನಿ. ಹ್ಯಾಂಡಲ್ ಬಿಚ್ಚಿ, ಲಿವರ್ರು ಸ್ವಿಚ್ಚು ಎಲ್ಲ ಕೇಬಲ್ ಸಮೇತ ಒಂದು ಬಟ್ಟೆ ಮೇಲೆ ಒರಗಿಸಿದೆ. ಸ್ಟ್ಯಾಂಡ್ ತೆಗೆದೆ, ಯಾಕಂದ್ರೆ ಎರಡೂ ಚಕ್ರ ನೆಲದ ಮೇಲಿದ್ದು, ಇಬ್ಬರ ಭಾರಕ್ಕೆ ಸೀಟು ಎಷ್ಟು ಕುಗ್ಗುತ್ತೋ ಅಷ್ಟೂ ಕುಗ್ಗಬೇಕು. ಚಕ್ರಕ್ಕೆ ಇಟ್ಟಿಗೆ ಕೊಟ್ಟೆ. ಭಾಯಿ ಎದುರಿಗೆ ನಿಂತು ಮುಂದಿನ ಚಕ್ರ ಹಿಡಿದಿರೋ ಫೋರ್ಕು ತಬ್ಬಿಕೊಂಡರು. ಬಸವರಾಜ ಗಾಡೀಲೇ ಇದ್ದ ಪಾರ್ಸಲ್ ಚೀಲ ಬೆನ್ನಿಗೆ ಹಾಕಿ ಕೂತ. ಶಾಂತಾ ಒಂದೇ ಕಡೆ ಕಾಲು ಬಿಟ್ಟು ಹಿಂದೆ ಕೂತಳು. ಎದುರಿನ ಬಸ್ ಸ್ಟಾಪಿನಲ್ಲಿದ್ದವರು ಬಸ್ಸು ಬಿಟ್ಟು ನಮ್ಮನ್ನೇ ನೋಡೋಕೆ ನಿಂತರು.

"ಏನ್ ಭಾಯ್, ಫೋಟೋ ಸ್ಟುಡಿಯೋ ಶುರು ಮಾಡಿದ್ರಾ?" ಅಂತ ಒಬ್ಬರು ಕೂಗಿದರು.

"ಹ್ಞೂ, ನೀನೂ ಬಾ, ಗಾಡಿ ಹಿಡ್ಕೋ ಬಾ!" ಅಂದರು ಭಾಯಿ.

"ಬಸವರಾಜ್ ಅವರೇ, ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ. ಹ್ಯಾಂಡಲ್ ಇದೆ ಅಂತ ಅಂದ್ಕೊಂಡು ಕೈ ಮುಂದೆ ಇಡಿ" ಅಂದೆ.

ಇಟ್ಟ. ಆದರೆ ಎರಡೂ ಕೈ ಕೋಲಿನ ಹಾಗೆ ಬಿಗಿದು, ಉಸಿರು ಹಿಡಿದು, ಪೊಲೀಸ್ ಪರೇಡಿಗೆ ನಿಂತ ಹಾಗೆ. ಸಡಿಲ ಬಿಡಿ ಅಂದರೆ ಇನ್ನೂ ಬಿಗಿಯಾದ. ಹೇಗೆ ಇಡಲಿ ಅಂತ ಯೋಚನೆ ಮಾಡೋಕೆ ಶುರು ಮಾಡಿದರೆ ಯಾರ ಕೈಯೂ ಅದರ ಜಾಗಕ್ಕೆ ಬರಲ್ಲ. ನಾನು ದಪ್ಪ ತಂತಿ ಹಿಡಿದು ಕಾದೆ. ಭಾಯಿಗೆ ಸೊಂಟ ನೋವು ಶುರುವಾಯ್ತು, "ಬೇಗ ಮಾಡೋ ನಾಗ!" ಅಂದರು.

ಶಾಂತಾ ಹಿಂದಿನಿಂದ ನಿಧಾನಕ್ಕೆ, "ರೀ, ಗ್ಯಾಸ್ ಬಂದ್ ಮಾಡಿ ಬಂದೀರೇನು?" ಅಂದಳು.

"ಮಾಡೇನಲ್ಲ" ಅಂದ ಬಸವರಾಜ, ಕಣ್ಣು ಮುಚ್ಚಿಕೊಂಡೇ.

"ಹಾಲಿನ ಪಾತೇಲಿ?"

"ಮುಚ್ಚಿ ಇಟ್ಟೇನಿ. ಮ್ಯಾಲೆ ಒರಳುಕಲ್ಲಿನ ಗುಂಡು ಇಟ್ಟೇನಿ, ಬೆಕ್ಕು ಬರತೈತಂತ."

"ಅಷ್ಟ ಭಾರದ ಗುಂಡ ಯಾರು ಎತ್ತಂದ್ರು ನಿಮಗ? ಬೆನ್ನ ನೋವೈತಿ ಅಂತ ಗೊತ್ತಿಲ್ಲೇನು?"

"ಎತ್ತಲಿಲ್ಲ, ಉಳ್ಳಿಸಿದೆ" ಅಂತ ಅವನು ಸಮಾಧಾನ ಹೇಳೋಕೆ ಶುರು ಮಾಡಿದ. ಹೇಳ್ತಾ ಹೇಳ್ತಾ ಭುಜ ಇಳೀತು, ಮೊಣಕೈ ಸ್ವಲ್ಪ ಮಡಚಿತು, ಎರಡು ಕೈಯೂ ಗಾಳೀಲಿ ಒಂದು ಜಾಗಕ್ಕೆ ಬಂದು ಹಕ್ಕಿ ಕೂತ ಹಾಗೆ ಕೂತವು. ಶಾಂತಾ ನನಗೆ ಕಣ್ಣು ಮಿಟುಕಿಸಿದಳು. ನಾನು ತಂತಿಯ ಮಧ್ಯಭಾಗ ಹ್ಯಾಂಡಲ್ ಕೂರೋ ಕ್ಲಾಂಪಿಗೆ ಇಟ್ಟು, ಎರಡು ತುದಿ ಅವನ ಅಂಗೈ ಕೆಳಗೆ ಬರೋ ಹಾಗೆ ಸರಸರ ಬಗ್ಗಿಸಿದೆ. ಬಸ್ ಸ್ಟಾಪಿನವರು ಚಪ್ಪಾಳೆ ತಟ್ಟಿದರು. ಭಾಯಿ "ನಗಿಸ್ಬೇಡ್ರೋ, ಗಾಡಿ ಬಿಟ್ಬಿಡ್ತೀನಿ" ಅಂತ ಕೂಗಿದರು.

ಆ ತಂತಿ ತಗೊಂಡು ಗೋಡೆ ಹತ್ತಿರ ಹೋದೆ. ಒಂದೊಂದು ಹ್ಯಾಂಡಲ್ ಪಕ್ಕಕ್ಕೂ ಹಿಡಿದು ನೋಡಿದೆ. ಒಂದೂ ಹೊಂದಲಿಲ್ಲ! ಗೋಡೇಲಿದ್ದುದೆಲ್ಲ ಅತಿ. ಅತಿ ಎತ್ತರ, ಇಲ್ಲ ಅತಿ ಬಾಗು, ಇಲ್ಲ ಅತಿ ಅಗಲ. ಈ ತಂತಿ ನೋಡಿದರೆ ಯಾವ ಸ್ಟೈಲೂ ಇಲ್ಲದ, ಸಾಧುವಾದ ಒಂದು ಆಕಾರ. ಸ್ವಲ್ಪ ಮೇಲೆ, ಸ್ವಲ್ಪ ಹಿಂದೆ, ಅಷ್ಟೇ.

ನನ್ನ ಮನಸ್ಸು ಒಂದು ಕ್ಷಣ ಅಡ್ಡದಾರಿ ಕಡೆ ಎಳೀತು. ಎತ್ತರದ್ದೊಂದು ತಗೊಂಡು, ಗ್ಯಾಸ್ ವೆಲ್ಡಿಂಗ್ ಅಂಗಡೀಲಿ ಬಿಸಿ ಮಾಡಿಸಿ ತಂತಿ ಹಾಗೆ ಬಗ್ಗಿಸಿದರೆ ಅರ್ಧ ಗಂಟೆ ಕೆಲಸ. ಸೋಮವಾರ ಹತ್ತಿರ ಬರ್ತಿದೆ. ಮೆಲ್ಲಗೆ ಭಾಯಿ ಕಡೆ ನೋಡಿದೆ. ನಾನು ಬಾಯಿ ತೆಗೆಯೋ ಮುಂಚೆಯೇ ಅವರು, "ಇಬ್ರು ಕೂರ್ತಾರೆ ನಾಗ ಅದ್ರ ಮೇಲೆ. ಹುಡುಕು ಹೋಗು" ಅಂದರು.

ಶನಿವಾರ ತಂತಿ ಹೆಗಲ ಮೇಲೆ ಇಟ್ಟುಕೊಂಡು, ಗಾಡಿ ಸಾಮಾನು ಸಿಗೋ ಜೆ.ಸಿ. ರೋಡಿಗೆ ಬಸ್ ಹತ್ತಿದೆ. ಕಂಡಕ್ಟರ್ ನೋಡಿ, "ಏನ್ರೀ ಅದು, ಟಿ.ವಿ. ಆಂಟೆನಾನಾ?" ಅಂದ.

"ಒಬ್ಬ ಮನುಷ್ಯನ ಅಳತೆ ಸಾರ್."

"ಹಂಗಾದ್ರೆ ಅವ್ರಿಗೂ ಒಂದು ಟಿಕೆಟ್ ತಗೊಳ್ಳಿ."

ಜೆ.ಸಿ. ರೋಡಿನಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿದೆ. ಎಲ್ಲರೂ ಹೊಳೆಯೋದನ್ನೇ ಮುಂದೆ ಇಡುತ್ತಿದ್ದರು. "ಇದು ಈಗ ಓಡ್ತಿರೋದು ಗುರು, ಇದೇ ತಗೊಂಡು ಹೋಗು" ಅನ್ನೋರು. ನಾನು ತಂತಿ ಪಕ್ಕದಲ್ಲಿ ಹಿಡಿಯೋದು, ತಲೆ ಆಡಿಸೋದು. ಊಟದ ಹೊತ್ತು ಮೀರಿತ್ತು. ಕಡೆಗೆ ಒಂದು ಅಂಗಡಿಯ ಅಟ್ಟದ ಮೇಲೆ, ಗೋಣಿಚೀಲದ ಕೆಳಗೆ, ಯಾರೂ ಕೇಳದೆ ಧೂಳು ಹಿಡಿದು ಬಿದ್ದಿದ್ದ ಒಂದು ಹೊಸ ಹ್ಯಾಂಡಲ್ ಸಿಕ್ಕಿತು. ಬೇರೆ ಯಾವುದೋ ಗಾಡಿಗೆ ಅಂತ ಮಾಡಿದ್ದು. ತಂತಿ ಅದರ ಮೇಲೆ ಇಟ್ಟೆ. ಮಗು ತಾಯಿ ತೊಡೆ ಮೇಲೆ ಮಲಗಿದ ಹಾಗೆ ಮಲಗಿತು. ಅಂಗಡಿಯವನು, "ಅಯ್ಯೋ, ಇದ್ಯಾಕೆ ಗುರು, ಇದು ಲುಕ್ಕೇ ಇಲ್ಲ" ಅಂದ. ನಾನು ಅದನ್ನ ಎದೆಗೆ ಅಪ್ಪಿಕೊಂಡು ಇಳಿದೆ.

ಭಾನುವಾರ ನಮ್ಮ ಅಂಗಡಿಗೆ ರಜ. ಆದರೂ ಭಾಯಿ ಬಂದು ಶಟರ್ ಎತ್ತಿದರು. ಹ್ಯಾಂಡಲ್ ಕೂರಿಸಿದೆ. ಸ್ವಿಚ್ಚಿನ ಒಳಗೆ ಒಂದು ಸಣ್ಣ ಮೊಳೆ ಥರದ್ದು ಇರುತ್ತಲ್ಲ, ಅದಕ್ಕೆ ಸರಿಯಾಗಿ ಪೈಪಿನಲ್ಲಿ ತೂತು ಮಾಡಿದೆ. ಅದಿಲ್ಲದಿದ್ದರೆ ಸ್ವಿಚ್ಚು ಪೈಪಿನ ಸುತ್ತ ತಿರುಗುತ್ತೆ, ಹಾರ್ನ್ ಒತ್ತೋಕೆ ಹೋದರೆ ಇಂಡಿಕೇಟರ್ ಸಿಗುತ್ತೆ. ಭಾಯಿ ಎಂದಿಗಿಂತ ಎರಡು ಸಲ ಜಾಸ್ತಿ ಜಗ್ಗಿದರು. ಬಸವರಾಜನನ್ನು ಇಬ್ಬರೂ ಸೇರಿ ಹತ್ತಿಸಿದೆವು. ಶಾಂತಾ ಹಿಂದೆ ಕೂತಳು. ಸೀಟಿನಲ್ಲಿ ಜಾಗ ಇತ್ತು, ಸೆರಗು ಸರಿಮಾಡಿಕೊಳ್ಳುವಷ್ಟು ಜಾಗ.

"ಒಂದು ಸುತ್ತು ಹೋಗಿ ಬನ್ನಿ. ನೋವು ಬಂದ್ರೆ ಅಲ್ಲೇ ನಿಲ್ಸಿ" ಅಂದೆ.

ಹೋದರು. ನಾವು ಟೀ ಕುಡಿದೆವು. ಬರಲಿಲ್ಲ. ಭಾಯಿ ಗೋಡೆ ಮೇಲಿನ ಹ್ಯಾಂಡಲ್‌ಗಳನ್ನ ಒಂದೊಂದಾಗಿ ಒರೆಸಿದರು. ಬರಲಿಲ್ಲ. ನಾನು ರೋಡಿನ ಮೂಲೆ ತನಕ ಹೋಗಿ ನೋಡಿ ಬಂದೆ.

"ಎಲ್ಲೋ ಮಧ್ಯದಲ್ಲಿ ಬೆನ್ನು ಹಿಡ್ಕೊಂಡಿರ್ಬೇಕು" ಅಂದೆ. ನಾಳೆ ಸೋಮವಾರ.

ಭಾಯಿ ಬಾಯಲ್ಲಿದ್ದ ಲವಂಗ ತೆಗೆದು ಎಸೆದರು. ಅವರು ಹಾಗೆ ಮಾಡಿದ್ದನ್ನ ನಾನು ನೋಡಿದ್ದು ಅದೊಂದೇ ಸಲ.

ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದ ಮೇಲೆ ಗಾಡಿ ಶಬ್ದ ಕೇಳಿಸಿತು. ಬಂದು ಮರದ ಕೆಳಗೆ ನಿಂತಿತು. ಶಾಂತಾ ಇಳಿದಳು. ನಾನು ಗಾಡಿ ಹಿಡಿಯೋಕೆ ಓಡಿದೆ, ಭಾಯಿ ಕೈ ಕೊಡೋಕೆ ಓಡಿದರು. ಅಷ್ಟರಲ್ಲಿ ಬಸವರಾಜ ಸ್ಟ್ಯಾಂಡ್ ಹಾಕಿ, ಕಾಲು ಆ ಕಡೆಯಿಂದ ಈ ಕಡೆಗೆ ಎತ್ತಿ ತಂದು, ನೆಲದ ಮೇಲೆ ನೆಟ್ಟಗೆ ನಿಂತುಬಿಟ್ಟಿದ್ದ. ಅವನು ಅಷ್ಟು ಎತ್ತರ ಅಂತ ನಮಗೆ ಅವತ್ತೇ ಗೊತ್ತಾಗಿದ್ದು.

"ಎಲ್ಲಿ ಹೋಗಿದ್ರೀ, ಇಷ್ಟು ಹೊತ್ತು? ಒಂದು ಸುತ್ತು ಅಂದ್ರೆ ಒಂದು ಸುತ್ತಲ್ವಾ?" ಅಂತ ನಾನು ರೇಗಿದೆ.

"ಏನ್ ಹೇಳಲ್ರಿ ಅಣ್ಣಾರ" ಅಂದ. "ಇನ್ನ ನೋವು ಬರತೈತಿ, ಇನ್ನ ಬರತೈತಿ, ಬಂದ ಮ್ಯಾಲೆ ನಿಂದರಿಸೂಣು ಅಂತ ಹೊಂಟ್ವಿ. ಜಯನಗರ ಬಂತು, ಬರಲಿಲ್ಲ. ಜೆ.ಪಿ. ನಗರ ಬಂತು, ಬರಲಿಲ್ಲ. ಬನ್ನೇರುಘಟ್ಟ ರೋಡ್ ಹಿಡದ್ವಿ. ಬರಲೇ ಇಲ್ಲರಿ!"

ಶಾಂತಾ ಸೆರಗಿನಿಂದ ಕಣ್ಣು ಒರೆಸಿಕೊಂಡು ನಗುತ್ತಿದ್ದಳು. ಭಾಯಿ ಅಂಗಡಿ ಒಳಗೆ ಹೋಗಿ ಸುಮ್ಮನೆ ಏನೋ ಹುಡುಕಿದ ಹಾಗೆ ಮಾಡಿದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿಂದ, "ಬ್ರೇಕ್ ಲಿವರ್ ಒಂಚೂರು ಕೆಳಗೆ ಮಾಡಿಕೊಡೋ ನಾಗ, ನಾಳೆ ಡ್ಯೂಟಿ ಇದೆ ಅವ್ರಿಗೆ" ಅನ್ನೋ ದನಿ ಬಂತು.

ಸೋಮವಾರ ಬಸವರಾಜ ಡ್ಯೂಟಿ ಮಾಡಿದ. ಮಂಗಳವಾರವೂ ಮಾಡಿದ. ನಮಗೆ ಗೊತ್ತಾಗಿದ್ದು ಹೇಗೆ ಅಂದರೆ, ಬುಧವಾರ ಬೆಳಿಗ್ಗೆ ನಾನು ಬಂದಾಗ ಶಟರ್ ಮುಂದೆ ಸಾಲಾಗಿ ಗಾಡಿಗಳು ನಿಂತಿದ್ದವು. ಬಸವರಾಜನ ಆಫೀಸಿನವರು. ಎಲ್ಲರಿಗೂ ಬೆನ್ನು, ಇಲ್ಲ ಭುಜ, ಇಲ್ಲ ಕುತ್ತಿಗೆ. ಅವನು ಏನು ಹೇಳಿ ಕಳಿಸಿದ್ದನೋ, ಪ್ರತಿಯೊಬ್ಬನೂ ತನ್ನ ಹಿಂದೆ ಕೂರೋರನ್ನ ಜೊತೆಗೇ ಕರೆದುಕೊಂಡು ಬಂದಿದ್ದ. ಒಬ್ಬನ ಹೆಂಡತಿ ಮಗು ಎತ್ತಿಕೊಂಡು ಕಟ್ಟೆ ಮೇಲೆ ಕೂತಿದ್ದಳು, ಒಬ್ಬ ತಮ್ಮನನ್ನ ಸ್ಕೂಲ್ ಬ್ಯಾಗ್ ಸಮೇತ ತಂದಿದ್ದ. ಹುಳಿಮಾವು ಕಡೆಯ ಹುಡುಗನೊಬ್ಬ ತನ್ನ ಅಜ್ಜಿಯನ್ನು ಕರೆತಂದಿದ್ದ. ಬಿಳಿ ಕೂದಲು, ಬಾಯಿ ತುಂಬ ಎಲೆ ಅಡಿಕೆ.

ಖಾದರ್ ಭಾಯಿ ಬಂದು ಗಾಡಿ ಸಾಲು ನೋಡಿದರು, ಜನ ನೋಡಿದರು, ಟವಲು ಬಿಗಿದು ಕಟ್ಟಿಕೊಂಡರು. "ತಗೊಂಡು ಬಾ ನಾಗ, ತಂತಿ" ಅಂದರು.

ಯಾರಿಂದ ಶುರು ಮಾಡೋದು ಅಂತ ನಾನು ನೋಡುತ್ತಿದ್ದೆ. ಅಜ್ಜಿ ಯಾರ ಅಪ್ಪಣೆಗೂ ಕಾಯಲಿಲ್ಲ. ಮೊಮ್ಮಗನ ಗಾಡಿ ಹತ್ತಿ, ಒಂದೇ ಕಡೆ ಕಾಲು ಬಿಟ್ಟು, ಸೀರೆ ನೆರಿಗೆ ಸರಿಮಾಡಿಕೊಂಡು, ಅವನ ಹೆಗಲ ಮೇಲೆ ಕೈ ಇಟ್ಟು ನನಗೆ ಹೇಳಿತು:

"ಇವ್ನು ಎಲ್ಲಾದ್ರೂ ಕೂತ್ಕೊಳ್ಲಿ ಬಿಡಪ್ಪ. ನಾನು ಇಲ್ಲಿ ಕೂತಿದ್ದೀನಿ, ಇನ್ನು ಸರಿಯಲ್ಲ. ಹ್ಞೂ, ಅಳತೆ ತಗೋ."